ಫ್ಯೂಸ್ ಸರಿ ಇದೆ

ನಮ್ಮ ಮನೆಯವರಿಗೆ ಊರವರು ಇಟ್ಟ ಹೆಸರು ಕಿವಿ ಮೇಸ್ತ್ರಿ. ಕಾರು ರಿಪೇರಿ ಮಾಡುವವರು ಬೇಕಾದಷ್ಟು ಜನ ಇದ್ದಾರೆ, ಆದರೆ ಪಾನಾ ಕೈಗೆತ್ತಿಕೊಳ್ಳುವ ಮೊದಲೇ ಕಾರಿನ ರೋಗ ಹೇಳುತ್ತಿದ್ದವರು ಇವರೊಬ್ಬರೇ. ಉದ್ದನೆಯ ಸ್ಕ್ರೂ ಡ್ರೈವರಿನ ತುದಿಯನ್ನು ಇಂಜಿನ್ ಮೇಲಿಟ್ಟು, ಹಿಡಿಯನ್ನು ಕಿವಿಗೆ ಒತ್ತಿಕೊಂಡು, ಕಣ್ಣು ಮುಚ್ಚಿ ಒಂದು ಗಳಿಗೆ ನಿಂತರೆ ಮುಗಿಯಿತು. ಮನೆಯಲ್ಲೂ ಇದೇ ಚಟ. ನಾನು ಮುಂದಿನ ಕೋಣೆಯಲ್ಲಿ ಬಟ್ಟೆ ಹೊಲಿಯುತ್ತಿದ್ದರೆ ಬಚ್ಚಲಿನಿಂದಲೇ ಕೂಗುತ್ತಿದ್ದರು, ಬಾಬಿನ್ ಹತ್ತಿರ ನೂಲು ಸಿಕ್ಕಿಕೊಂಡಿದೆ ನೋಡು ಅಂತ. ನೋಡಿದರೆ ಸಿಕ್ಕಿಕೊಂಡಿರುತ್ತಿತ್ತು. ನನ್ನ ಹೊಲಿಗೆ ಮಿಷಿನ್ನು ನನಗಿಂತ ಮೊದಲು ಇವರಿಗೆ ಚಾಡಿ ಹೇಳುತ್ತದಲ್ಲ ಎಂದು ನನಗೆ ಮೈಯೆಲ್ಲ ಉರಿಯುತ್ತಿತ್ತು.

ಇವರ ಕೆಲಸದಲ್ಲಿ ಅರ್ಧ ನನ್ನದೂ ಇತ್ತು. ಮದುವೆಯಾದ ಹೊಸತರಲ್ಲಿ ಗ್ಯಾರೇಜಿಗೆ ಊಟದ ಡಬ್ಬಿ ಕೊಡಲು ಹೋಗಿದ್ದೆ. ಕೈಗೆ ಬೇರೆ ಯಾರೂ ಸಿಗಲಿಲ್ಲವೆಂದು ನನ್ನನ್ನೇ ಒಂದು ಕಾರಿನೊಳಗೆ ಕೂರಿಸಿ ಕೀಲಿ ತಿರುಗಿಸಲು ಹೇಳಿದರು. ಅಲ್ಲಿಂದ ಶುರುವಾದದ್ದು. ಇವರು ಬಾನೆಟ್ಟಿನ ಕೆಳಗೆ, ನಾನು ಕೀಲಿಯ ಹತ್ತಿರ. "ಸೆಲ್ಫ್ ಹೊಡಿ" ಅಂದರೆ ಹೊಡೆಯಬೇಕು, "ಸಾಕು" ಅಂದರೆ ಬಿಡಬೇಕು. ಇಂಜಿನ್ ಹತ್ತದಿದ್ದರೆ ಮೊದಲು ಬರುವ ಮಾತು "ಫ್ಯೂಸ್ ನೋಡು". ಒಳಗೆ ಕೂತವಳು ನಾನಾದ್ದರಿಂದ ಡ್ಯಾಶ್‌ಬೋರ್ಡಿನ ಕೆಳಗಿನ ಫ್ಯೂಸುಗಳನ್ನು ಒಂದೊಂದಾಗಿ ಕಿತ್ತು, ಒಳಗಿನ ತಂತಿ ತುಂಡಾಗಿದೆಯೇ ಎಂದು ಬೆಳಕಿಗೆ ಹಿಡಿದು ನೋಡಿ "ಸರಿ ಇದೆ" ಎಂದು ಕೂಗುವುದು ನನ್ನ ಪಾಲಿನ ಕೆಲಸ. ಬೇರೆಯವರು ಬಿಗಿದ ನಟ್ಟನ್ನು ಮತ್ತೆ ಮತ್ತೆ ಮುಟ್ಟಿ ನೋಡುವ ಮನುಷ್ಯ ಇವರು. ನಾನು ಸರಿ ಇದೆ ಅಂದ ಫ್ಯೂಸನ್ನು ಇನ್ನೊಮ್ಮೆ ನೋಡಿದ್ದು ಮಾತ್ರ ನನಗೆ ನೆನಪಿಲ್ಲ.

ವಯಸ್ಸಾದ ಮೇಲೆ ಗ್ಯಾರೇಜನ್ನು ಪಾನಾಗೆ ಬಿಟ್ಟುಕೊಟ್ಟರು. ಪಾನಾ ಅಂದರೆ ಇವರ ಕೈಕೆಳಗೆ ಕೆಲಸ ಕಲಿತವನು. ಮದುವೆ ಮನೆಗೂ ಜೇಬಿನಲ್ಲಿ ಪಾನಾ ಇಟ್ಟುಕೊಂಡೇ ಹೋಗುವುದರಿಂದ ಆ ಹೆಸರು. ಈಗ ಅವನ ಮೀಸೆಯೂ ನರೆತಿದೆ, ಆದರೂ ಇವರ ಎದುರಿಗೆ ಕುರ್ಚಿಯಲ್ಲಿ ಕೂರುವುದಿಲ್ಲ. ನಮಗೆ ಉಳಿದದ್ದು ಮನೆಯ ಮುಂದೆ ನಿಂತ ಈ ಹಳೇ ಕಾರು. ಅದನ್ನು ನಾನು ಸವತಿ ಎಂದೇ ಕರೆಯುವುದು. ಬೆಳಿಗ್ಗೆ ಎದ್ದರೆ ಮೊದಲು ಅವಳ ಮುಖ, ಆಮೇಲೆ ನನ್ನದು. ತಣ್ಣಗಿರುವಾಗ ಇಂಜಿನ್ನಿನಲ್ಲಿ ಟಿಕ್ ಟಿಕ್ ಅನ್ನುತ್ತಾಳೆ, ಬಿಸಿಯಾದರೆ ಸುಮ್ಮನಾಗುತ್ತಾಳೆ, ತಿರುವಿನಲ್ಲಿ ಮುಂದಿನ ಚಕ್ರದ ಹತ್ತಿರ ನರಳುತ್ತಾಳೆ. ಇವರು ಒಂದೊಂದು ಸದ್ದಿಗೂ ಕಾರಣ ಹೇಳುತ್ತ ಓಡಿಸುತ್ತಿದ್ದರು, ನಾನು ಪಕ್ಕದ ಸೀಟಿನಲ್ಲಿ ಮೂಗು ಮುರಿಯುತ್ತ ಕೂತಿರುತ್ತಿದ್ದೆ. ಈಗ ಯೋಚಿಸಿದರೆ ನಮ್ಮ ಸುಖವೆಲ್ಲ ಅದರಲ್ಲೇ ಇತ್ತು.

ಒಂದು ಬೆಳಿಗ್ಗೆ ಶಾಲೆಯ ಮೂಲೆಯಲ್ಲಿ ತಿರುಗುವಾಗ ನಾನು ಕೂತಿದ್ದ ಕಡೆಯಿಂದ ಸೈಕಲ್ಲಿನ ಮೇಲೆ ಒಂದು ಹುಡುಗಿ ಬರುತ್ತಿದ್ದಳು. ನಾನು ಕಿರುಚಿದೆ, ಇವರು ಬ್ರೇಕ್ ಒತ್ತಿದರು, ಅಷ್ಟರಲ್ಲಿ ಬಂಪರ್ ಸೈಕಲ್ಲಿಗೆ ತಾಗಿ ಅವಳು ಬಿದ್ದಳು. ಅಂಗೈ ತರಚಿತ್ತು, ಅಷ್ಟೇ. ಎದ್ದು, ಬ್ಯಾಗು ಸರಿಮಾಡಿಕೊಂಡು, ನಮ್ಮನ್ನೊಮ್ಮೆ ದುರುಗುಟ್ಟಿ ನೋಡಿ ಹೋದಳು. ಎಲ್ಲಿಂದ ನುಗ್ಗಿದಳೋ ಎಂದು ಇವರು ಗೊಣಗಿದರು. ಅವಳು ಎಲ್ಲಿಂದಲೂ ನುಗ್ಗಿರಲಿಲ್ಲ. ಶಾಲೆಯ ಗೋಡೆಯ ಉದ್ದಕ್ಕೂ ನಮ್ಮ ಪಕ್ಕದಲ್ಲೇ ಬಂದಿದ್ದಳು.

ಮಗಳಿಗೆ ಫೋನ್ ಮಾಡಿದೆ. ಅವಳು ಬೇರೆ ಊರಿನಲ್ಲಿದ್ದರೂ ಇವರ ಕಣ್ಣಿನ ಡಾಕ್ಟರ ಪರಿಚಯ ಇತ್ತು, ವಿಚಾರಿಸಿ ಹೇಳಿದಳು. ಎದುರಿನದು ಕಾಣುತ್ತದೆ, ಅಕ್ಕಪಕ್ಕದ್ದು ಕಾಣುವುದಿಲ್ಲ, ಹೋದ ದೃಷ್ಟಿ ವಾಪಸು ಬರುವುದೂ ಇಲ್ಲ, ಗಾಡಿ ಓಡಿಸಬಾರದೆಂದು ಅವರಿಗೇ ಹೇಳಿ ಕಳಿಸಿದ್ದೇನೆ ಅಂದರಂತೆ ಡಾಕ್ಟರು. ಇವರು ಅಲ್ಲಿಂದ ಬಂದವರು ಕಣ್ಣಿಗೆ ಹನಿ ಹಾಕಿಕೊಳ್ಳಬೇಕಂತೆ ಅಂದಿದ್ದರು, ಅಷ್ಟೇ. ನೀನೇ ಹೇಳು ಎಂದು ನಾನು ಮಗಳಿಗೆ, ನೀನೇ ಹೇಳಮ್ಮ ಎಂದು ಮಗಳು ನನಗೆ. ಜಗಳಕ್ಕೆ ನಾನು ಹಿಂದೆ ಸರಿದವಳಲ್ಲ, ಬೇಕಾದರೆ ಊರವರನ್ನು ಕೇಳಿ. ಆದರೆ ನಿಮ್ಮ ಕಣ್ಣು ಹೋಗಿದೆ, ಕೀಲಿ ಇಲ್ಲಿ ಕೊಡಿ ಅನ್ನಲು ನನಗೆ ನಾಲಿಗೆ ಹೊರಳಲಿಲ್ಲ. ಕಾರೇ ಸ್ಟಾರ್ಟ್ ಆಗದಿದ್ದರೆ ಯಾರೂ ಏನೂ ಹೇಳಬೇಕಾಗಿಲ್ಲವಲ್ಲ ಎಂಬ ಬುದ್ಧಿ ಹೊಳೆದದ್ದು ಆಗ.

ನಮ್ಮ ಕಾರಿನಲ್ಲಿ ಫ್ಯೂಸಿನ ಡಬ್ಬಿ ಇರುವುದು ಡ್ರೈವರ್ ಪಕ್ಕದ ಸೀಟಿನವರ ಮೊಣಕಾಲಿನ ಹತ್ತಿರ, ಅಂದರೆ ನನ್ನ ಜಾಗದಲ್ಲಿ. ಮರುದಿನ ಬೆಳಿಗ್ಗೆ ಇವರು ಗೇಟು ತೆಗೆಯುತ್ತಿದ್ದಾಗ, ಇಂಜಿನ್ನಿಗೆ ಪೆಟ್ರೋಲ್ ತಳ್ಳುವ ಪಂಪಿನ ಫ್ಯೂಸು ಕಿತ್ತು ಮುಷ್ಟಿಯಲ್ಲಿ ಹಿಡಿದುಕೊಂಡೆ. ಇವರು ಬಂದು ಕೂತು ಸೆಲ್ಫ್ ಹೊಡೆದರು. ಇಂಜಿನ್ ಸುಮ್ಮನೆ ತಿರುಗಿತೇ ಹೊರತು ಹತ್ತಲಿಲ್ಲ. ಬಿಟ್ಟು, ಕೀಲಿಯನ್ನು ಅರ್ಧ ಮಾತ್ರ ತಿರುಗಿಸಿ, ತಲೆ ವಾರೆ ಮಾಡಿ ಕೇಳಿಸಿಕೊಂಡರು.

"ಪಂಪು ಗುಂಯ್ ಅನ್ಲಿಲ್ಲ," ಅಂದರು.

ಕೀಲಿ ಅರ್ಧ ತಿರುಗಿದಾಗ ಪೆಟ್ರೋಲ್ ಟ್ಯಾಂಕಿನೊಳಗಿನ ಪಂಪು ಹಿಂದಿನ ಸೀಟಿನ ಅಡಿಯಲ್ಲಿ ಒಂದು ಗಳಿಗೆ ಸಣ್ಣಗೆ ಗುಂಯ್‌ಗುಡುತ್ತದಂತೆ. ಇಷ್ಟು ವರ್ಷ ಅದೇ ಕಾರಿನಲ್ಲಿ ಕೂತಿದ್ದರೂ ನನಗೆ ಅದು ಎಂದೂ ಕೇಳಿಸಿರಲಿಲ್ಲ. ಇವರಿಗೆ ಅದು ಇಲ್ಲವೆಂಬುದೂ ಕೇಳಿಸಿತು. ಮೊದಲ ಸಲಕ್ಕೇ ರೋಗ ಸರಿಯಾಗಿ ಹಿಡಿದರು. ಆಮೇಲೆ, ಯಾವಾಗಿನ ಹಾಗೆ, ಫ್ಯೂಸ್ ನೋಡು ಅಂದರು. ಅದನ್ನು ನಾನು ಯೋಚಿಸಿಯೇ ಇರಲಿಲ್ಲ. ಬಗ್ಗಿ ಡಬ್ಬಿಯಲ್ಲಿ ಕೈಯಾಡಿಸಿದಂತೆ ಮಾಡಿದೆ. ಫ್ಯೂಸು ಮುಷ್ಟಿಯಲ್ಲಿ ಬೆವರುತ್ತಿತ್ತು.

"ಸರಿ ಇದೆ," ಅಂದೆ.

ಇವರು ಇಳಿದು ಹಿಂದಿನ ಸೀಟು ಎತ್ತಿ, ಕರೆಂಟು ಬರುತ್ತಿದೆಯೇ ಎಂದು ನೋಡುವ ಸಣ್ಣ ದೀಪವನ್ನು ಪಂಪಿನ ತಂತಿಗೆ ಹಿಡಿದರು. ಅಷ್ಟರಲ್ಲಿ ನಾನು ಫ್ಯೂಸನ್ನು ಅದರ ಜಾಗದಲ್ಲಿ ಕೂರಿಸಿದ್ದೆ, ಕಿತ್ತೇ ಇಟ್ಟುಕೊಂಡಿದ್ದರೆ ಸಿಕ್ಕಿಬೀಳುತ್ತೇನಲ್ಲ. ದೀಪ ಉರಿಯಿತು. ನಾನು ಕೈ ಚಾಚಿ ಸೆಲ್ಫ್ ಹೊಡೆದರೆ ಇಂಜಿನ್ನೂ ಹತ್ತಿತು. ಸೀಟು ಹಾಕಿ ಬಂದು ಇವರು ಡ್ರೈವರ್ ಸೀಟಿನಲ್ಲಿ ಕೂತರು, ನಾನು ಕೈ ಇಳಿಬಿಟ್ಟು ಫ್ಯೂಸು ಕಿತ್ತೆ, ಇಂಜಿನ್ ಎರಡು ಸಲ ಕೆಮ್ಮಿ ನಿಂತಿತು. ಪಕ್ಕದಲ್ಲೇ ಕೂತ ಹೆಂಡತಿಯ ಕೈ ಏನು ಮಾಡುತ್ತಿದೆ ಎಂಬುದು ಇವರಿಗೆ ಕಾಣಲಿಲ್ಲ. ಯಾವ ಊನವನ್ನು ಹೇಳಲು ನನಗೆ ಸಂಕಟವಾಗಿತ್ತೋ, ಅದೇ ಊನದ ಮರೆಯಲ್ಲಿ ಕೂತು ನಾನು ಮೋಸ ಮಾಡಿದೆ. ಆವತ್ತು ಹಾಗೆ ಅನ್ನಿಸಲಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ನಡೆದೇ ಹೋಗಿ ತರಕಾರಿ ತಂದೆ, ಶಾಲೆಯ ಮೂಲೆಯಲ್ಲಿ ಸೈಕಲ್ಲಿನ ಮಕ್ಕಳನ್ನು ನೋಡಿ ದೊಡ್ಡ ಕೆಲಸ ಮಾಡಿದೆ ಎಂದು ಹಿಗ್ಗಿದೆ. ಮಗಳೂ ಫೋನಿನಲ್ಲಿ ಭೇಷ್ ಅಂದಳು.

ನಾಲ್ಕು ದಿನ ತಿಣುಕಾಡಿ ಕೈಬಿಡುತ್ತಾರೆ ಎಂಬುದು ನನ್ನ ಲೆಕ್ಕ. ಯಾರನ್ನು ಕಟ್ಟಿಕೊಂಡಿದ್ದೇನೆ ಎಂಬುದನ್ನೇ ಮರೆತಿದ್ದೆ. ಇವರು ಪಂಪು ಬದಲಾಯಿಸಿದರು. ಪೆಟ್ರೋಲ್ ಫಿಲ್ಟರ್ ಬದಲಾಯಿಸಿದರು. ಪ್ಲಗ್ಗುಗಳನ್ನು ಬಿಚ್ಚಿ ಉಜ್ಜಿದರು, ಮೈಯೆಲ್ಲ ಮಡಚಿ ಡ್ಯಾಶ್‌ಬೋರ್ಡಿನ ಕೆಳಗೆ ಮಲಗಿ ತಂತಿಗಳನ್ನು ಬೆರಳಿನಲ್ಲೇ ತಡವಿ ನೋಡಿದರು. ಸರಿಯಾಗಿ ಕಾಣದ್ದರಿಂದ ಬೆರಳು ಕುಯ್ದುಕೊಂಡರು, ನಾನು ಬಟ್ಟೆ ಸುತ್ತಿದೆ. ಇವರು ಬಾನೆಟ್ಟಿನ ಕೆಳಗಿದ್ದು ನಾನು ಸೆಲ್ಫ್ ಹೊಡೆದರೆ ಕಾರು ಹತ್ತುತ್ತಿತ್ತು, ಇವರೇ ಬಂದು ಕೂತರೆ ನಿಲ್ಲುತ್ತಿತ್ತು. "ನಾನು ಕೂತ್ರೆ ಬೇಡ ಅಂತಾಳೆ ನಿನ್ನ ಸವತಿ," ಎಂದು ಒಂದು ದಿನ ನಗಲು ನೋಡಿದರು. ನಾನೂ ನಕ್ಕೆ. ಆ ನಗು ನೆನೆದರೆ ಈಗ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ.

ಕೊನೆಗೆ ಪಾನಾನನ್ನು ಕರೆಸಿದರು. ಗ್ಯಾರೇಜು ಬಿಟ್ಟ ಮೇಲೆ ಅವನಿಂದ ಒಂದು ಸಹಾಯವನ್ನೂ ಕೇಳಿದವರಲ್ಲ. ಅವನು ತಂತಿ ಸಿಕ್ಕಿಸಿ ನೋಡುವ ಪುಟ್ಟ ಮಿಷಿನ್ನು ತಂದು, ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಪರೀಕ್ಷಿಸಿ, ಮೇಸ್ತ್ರಿ, ಗಾಡಿಗೆ ಏನೂ ಆಗಿಲ್ಲ ಅಂದ. ಅದನ್ನು ಹೇಳಲು ಅವನಿಗೇ ನಾಚಿಕೆ, ಕಣ್ಣು ನೆಲ ನೋಡುತ್ತಿತ್ತು. ಅವನು ಹೋದ ಮೇಲೆ ಇವರು ನನ್ನನ್ನು ಕಾರಿನಲ್ಲಿ ಕೂರಿಸಿಕೊಂಡು ಕೀಲಿ ಅರ್ಧ ತಿರುಗಿಸಿದರು. ಫ್ಯೂಸು ನನ್ನ ಮುಷ್ಟಿಯಲ್ಲಿತ್ತು, ಅಭ್ಯಾಸವೇ ಆಗಿಹೋಗಿತ್ತಲ್ಲ.

"ಈಗ ಪಂಪು ಗುಂಯ್ ಅಂತಾ? ನಿನಗೆ ಕೇಳಿಸ್ತಾ?" ಎಂದು ಕೇಳಿದರು.

ಇಲ್ಲ ಅಂದರೆ ಮತ್ತೆ ಸೀಟು ಎತ್ತುತ್ತಾರೆ, ಮತ್ತೆ ಬೆರಳು ಕುಯ್ದುಕೊಳ್ಳುತ್ತಾರೆ, ಇವತ್ತಿಗೆ ಇದು ಮುಗಿಯಲಿ ಎಂದುಕೊಂಡು "ಹೂಂ, ಕೇಳಿಸ್ತಲ್ಲ," ಅಂದೆ.

ಇವರು ಕೀಲಿ ತೆಗೆದು ನನ್ನ ಕೈಗೆ ಕೊಟ್ಟು ಇಳಿದು ಒಳಗೆ ಹೋದರು. ಫ್ಯೂಸು ಕದ್ದದ್ದಕ್ಕೆ ಒಂದು ನೆಪವಾದರೂ ಇತ್ತು, ಸೈಕಲ್ಲಿನ ಹುಡುಗಿ ಇದ್ದಳು. ಆ ಒಂದು ಹೂಂಗೆ ನನ್ನ ಹತ್ತಿರ ಯಾವ ನೆಪವೂ ಇಲ್ಲ. ಇಲ್ಲದ ಸದ್ದನ್ನು ಇದೆ ಅಂದೆ, ಸರಿಯಾಗಿ ಕೇಳುತ್ತಿದ್ದ ಕಿವಿಯನ್ನು ಸುಳ್ಳು ಮಾಡಿದೆ.

ಆಮೇಲೆ ಕಾರಿಗೆ ಹೊದಿಕೆ ಬಿತ್ತು. ಮನೆ ತಣ್ಣಗಾಯಿತು. ನನಗೆ ಬೇಕಾದದ್ದು ಸಿಕ್ಕಿತ್ತು. ಒಂದು ಸಂಜೆ ಮಿಷಿನ್ನಿನಲ್ಲಿ ನೂಲು ಸಿಕ್ಕಿಕೊಂಡು ಕಟಕಟ ಅನ್ನತೊಡಗಿತು. ಬೇಕೆಂದೇ ಹಾಗೇ ತುಳಿಯುತ್ತಾ ಹೋದೆ, ಈಗ ಬೈಯುತ್ತಾರೆ, ಈಗ ಬೈಯುತ್ತಾರೆ ಎಂದು ಕಾದೆ. ಇವರು ಅದೇ ಕೋಣೆಯಲ್ಲಿ ಪೇಪರ್ ಹಿಡಿದು ಕೂತಿದ್ದರು. ತಲೆ ಎತ್ತಿದರು, ಬಾಯಿ ತೆರೆದರು, ಮತ್ತೆ ಪೇಪರಿಗೆ ಇಳಿದರು. ನೂಲು ತುಂಡಾಗಿ ಮಿಷಿನ್ನು ತಾನೇ ನಿಂತಿತು.

ಆ ವಾರವೇ ಎದುರುಮನೆಯ ಟೀಚರ್ ತಮ್ಮ ಕಾರನ್ನು ನಮ್ಮ ಗೇಟಿಗೆ ತಂದು ನಿಲ್ಲಿಸಿದರು. ವೇಗ ಹೆಚ್ಚಾದಂತೆ ಗೋಂ ಎನ್ನುತ್ತದೆ, ಬಲಕ್ಕೆ ತಿರುಗಿಸಿದರೆ ಜೋರಾಗುತ್ತದೆ, ಒಂದು ಸಲ ಕೂತು ನೋಡಿ ಎಂದು ಕೇಳಿದರು. ಇವರು ಬಾಗಿಲಲ್ಲಿ ನಿಂತೇ ಹೇಳಿಬಿಡುವಂಥ ಸದ್ದು ಅದು, ಚಕ್ರದ ಬೇರಿಂಗು ಸವೆದದ್ದೆಂದು ನನಗೂ ಗೊತ್ತಾಯಿತು. ಇವರು ಮಾತ್ರ ನನ್ನ ಕೈಲಿ ಆಗಲ್ಲಮ್ಮ, ಪಾನಾ ಹತ್ತಿರ ಮಿಷಿನ್ ಇದೆ, ಅಲ್ಲೇ ತೋರಿಸಿ, ನಿಧಾನಕ್ಕೆ ಓಡಿಸಿಕೊಂಡು ಹೋಗಿ ಅಂದರು. ಟೀಚರ್ ಪೆಚ್ಚಾಗಿ ಹೊರಟರು. ನನಗೆ ಪಿತ್ತ ನೆತ್ತಿಗೇರಿತು, ಯಾರ ಮೇಲೆ ಎಂದು ಕೇಳಬೇಡಿ. ನಿಮಗೆ ಅದು ಕೇಳಿಸಲಿಲ್ಲವೇ ಎಂದು ಗದರಿಸಿದೆ.

"ಕೇಳಿಸ್ತು," ಅಂದರು. "ಬೇರಿಂಗು ಅಂತಾನೇ ಅನ್ನಿಸ್ತು. ಆದ್ರೆ ನನಗೆ ಅನ್ನಿಸಿದ್ದನ್ನ ನಂಬಿ ಆ ಹೆಣ್ಮಗು ಗಾಡಿ ಓಡಿಸ್ಬೇಕಲ್ಲ. ಇಲ್ಲದ್ದು ಕೇಳೋ ಕಿವಿ, ಇರೋದನ್ನ ಬಿಡೋ ಕಿವಿ. ಬೇಡ ಬಿಡು."

ಇಲ್ಲಿಗೆ ಸಾಕು ಅನ್ನಿಸಿತು ನನಗೆ. ಮಗಳಿಗೆ ಹೇಳಿದಾಗ ಅವಳು ಬೇಡವೇ ಬೇಡ ಅಂದಳು. ಅಪ್ಪ ಗಾಡಿ ಬಿಟ್ಟಿದ್ದಾರೆ, ಯಾರ ಜೀವಕ್ಕೂ ಅಪಾಯ ಇಲ್ಲ, ಈಗ ಯಾಕೆ ಕೆದಕುತ್ತೀಯ ಎಂದು ಕೇಳಿದಳು. ಗಾಡಿ ಬಿಡಿಸಲು ಹೋಗಿ ನಿಮ್ಮಪ್ಪನನ್ನೇ ಬಿಡಿಸಿಬಿಟ್ಟೆ ಕಣೇ ಎಂದು ಫೋನ್ ಇಟ್ಟೆ. ಕಣ್ಣು ಹೋಗಿದೆ ಎಂದು ಹೇಳಲು ಧೈರ್ಯವಿಲ್ಲದೆ ಇವರ ಕಿವಿ ಕಿತ್ತುಕೊಂಡಿದ್ದೆ, ಅದನ್ನಾದರೂ ವಾಪಸು ಕೊಡಬೇಕಿತ್ತು.

ಇವರನ್ನು ಕೈ ಹಿಡಿದು ಕಾರಿನ ಹತ್ತಿರ ಕರೆದುಕೊಂಡು ಹೋದೆ. ಹೊದಿಕೆ ಎಳೆದು ಹಾಕಿದೆ. ಇವರು ಹೊರಗೆ ನಿಂತಿದ್ದರು, ನಾನು ಡ್ರೈವರ್ ಸೀಟಿನಲ್ಲಿ ಕೂತು ಎಲ್ಲವನ್ನೂ ಹೇಳಿದೆ. ಸೈಕಲ್ಲಿನ ಹುಡುಗಿ, ಡಾಕ್ಟರು, ಫ್ಯೂಸು, ಮುಷ್ಟಿ, ಆ ಹೂಂ. ಒಂದನ್ನೂ ಬಿಡಲಿಲ್ಲ. ಹೇಳುತ್ತ ಹೇಳುತ್ತ ಅಳು ಬಂತು, ಅಳುತ್ತಲೇ ಹೇಳಿದೆ. ಇವರು ಕೋಪ ಮಾಡಿಕೊಂಡು ಗೇಟು ದಾಟಿ ಹೋಗಿದ್ದರೆ ಸಂತೋಷಪಡುತ್ತಿದ್ದೆ.

"ಕಣ್ಣಿನ ವಿಷಯ ಡಾಕ್ಟ್ರು ನನಗೇ ಹೇಳಿದ್ರು," ಅಂದರು ಮೆಲ್ಲಗೆ. "ನೀನು ಒಂದು ಮಾತು ಕೇಳಿದ್ರೆ ನಾಲ್ಕು ದಿನ ಮುಖ ಊದಿಸ್ಕೊಂಡು ಆಮೇಲೆ ಕೀಲಿ ಕೊಟ್ಬಿಡ್ತಿದ್ದೆ. ನೀನು ಕೇಳ್ಲಿ ಅಂತಾನೇ ಇದ್ದೆ. ಆದ್ರೆ ಈ ಫ್ಯೂಸಿನ ಕಥೆ ಬೇಡ."

ಕಥೆಯಲ್ಲ, ನನ್ನ ಕೈಯಾರೆ ಮಾಡಿದ್ದು ಅಂದೆ.

"ಫ್ಯೂಸ್ ನೋಡು ಅಂದಾಗ ನೀನು ಸರಿ ಇದೆ ಅಂದೆ. ನೀನು ಸರಿ ಇದೆ ಅಂದ್ರೆ ಸರಿ ಇರುತ್ತೆ, ಅದು ನನಗೆ ಗೊತ್ತು. ನನ್ನ ಸಮಾಧಾನಕ್ಕೆ ಅಂತ ಯಾಕೆ ನಿನ್ನ ತಲೆ ಮೇಲೆ ಎಳ್ಕೋತೀಯ?"

ಫ್ಯೂಸು ಕಿತ್ತು ತೋರಿಸಿದೆ. ಫ್ಯೂಸು ಕಿತ್ತರೆ ಯಾವ ಕಾರಿನ ಪಂಪಾದರೂ ನಿಲ್ಲುತ್ತದೆ, ಅದರಿಂದ ಏನು ಗೊತ್ತಾಯಿತು ಅಂದರು. ಅದೂ ನ್ಯಾಯವೇ. ಹಾಗಾದರೆ ನೋಡಿ, ಕಾರಿಗೆ ಏನೂ ಆಗಿಲ್ಲ, ಫ್ಯೂಸು ಅದರ ಜಾಗದಲ್ಲಿದ್ದರೆ ನೀವು ಕೂತರೂ ಹತ್ತುತ್ತದೆ, ನಾನು ಕೂತರೂ ಹತ್ತುತ್ತದೆ, ಈಗಲೇ ತೋರಿಸುತ್ತೇನೆ ಎಂದು ಫ್ಯೂಸನ್ನು ಒತ್ತಿ ಕೂರಿಸಿದೆ. ಇವರ ಮುಖದಲ್ಲಿ ಸಣ್ಣ ಆಸೆಯೊಂದು ಬಂದಿತ್ತು, ನಾನು ಕಂಡೆ. ಒಂದು ಹೆಜ್ಜೆ ಹತ್ತಿರವೂ ಬಂದರು. ಕೀಲಿ ತಿರುಗಿಸಿದೆ.

ಬಾನೆಟ್ಟಿನೊಳಗೆ ಟಕಟಕಟಕ ಅಂತು. ಇಂಜಿನ್ ಅಲ್ಲಾಡಲಿಲ್ಲ. ಎದುರಿನ ದೀಪಗಳು ಮಂಕಾಗಿ ಆರಿದವು. ಆ ದಿನಗಳಲ್ಲಿ ಅಷ್ಟು ಸೆಲ್ಫ್ ಹೊಡೆಸಿದ್ದು, ಆಮೇಲೆ ಹೊದಿಕೆಯ ಕೆಳಗೆ ಸುಮ್ಮನೆ ನಿಲ್ಲಿಸಿದ್ದು, ಬ್ಯಾಟರಿ ಸತ್ತಿತ್ತು. ಗ್ಯಾರೇಜಿಗೆ ಹೊಸದಾಗಿ ಬಂದವರಿಗೆ ಮೊದಲು ಕಲಿಸುವ ಸದ್ದೇ ಅದು. ಕೀಲಿ ತಿರುಗಿಸಲು ಮಾತ್ರ ಬಂದ ನನಗೂ ಅದು ಗೊತ್ತು.

ಬ್ಯಾಟರಿ ಎಂಬ ಮಾತು ತುಟಿಯವರೆಗೆ ಬಂದದ್ದನ್ನು ನುಂಗಿದೆ. ಇದನ್ನಾದರೂ ಇವರೇ ಹೇಳಲಿ, ಹೇಳಿದರೆ ಸಾಕು, ಉಳಿದದ್ದನ್ನು ನಾನು ಹೇಗಾದರೂ ನಂಬಿಸುತ್ತೇನೆ ಎಂದುಕೊಂಡೆ. "ಏನು ಸದ್ದು ಅದು, ಹೇಳಿ," ಎಂದು ಕೇಳಿದೆ.

ಇವರು ಬಾನೆಟ್ಟಿನ ಮೇಲೆ ಎರಡೂ ಕೈ ಊರಿದರು. ತಲೆ ವಾರೆ ಮಾಡಿ ಕಣ್ಣು ಮುಚ್ಚಿದರು.

"ಇನ್ನೊಂದ್ಸಲ ಹೊಡಿ."

ಹೊಡೆದೆ. ಟಕಟಕಟಕ. ಇವರ ತುಟಿ ಅಲ್ಲಾಡಿತು. ಆಮೇಲೆ ಕಣ್ಣು ತೆರೆದು, ನನ್ನನ್ನು ನೋಡಲು ಪೂರ್ತಿ ಕತ್ತು ತಿರುಗಿಸಿದರು.

"ಗೊತ್ತಾಗ್ತಿಲ್ಲ ಕಣೇ," ಅಂದರು. "ಯಾರಾದ್ರೂ ಮೆಕ್ಯಾನಿಕ್‌ನ ಕರೆಸು."